ನಾವು ಕಂಡ ಕೆಲವು ಚಿತ್ರಗಳು

ಅಡಿಗೆಯ ರುಚಿಯ ಮೇಲೂ ಸಿನೆಮಾದ ಗುಣದೋಷಗಳ ಮೇಲೂ ಅಭಿಪ್ರಾಯ ಹೇಳುವುದಕ್ಕೆ ಯಾವ ಪದವಿಯೂ ಬೇಕಿಲ್ಲ. ಉಣ್ಣುವ ನಾಲಗೆ, ನೋಡುವ ಕಣ್ಣು ಇದ್ದರೆ ಸಾಕು. ನಮಗೆ ಬಿ.ಎ. ಪದವಿ ಇದೆಯೆಂಬುದು ನಿಜ. ಆದರೆ ಅದು ಸರಕಾರಿ ಕಚೇರಿಯಲ್ಲಿ ಕಡತಗಳನ್ನು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಕಳಿಸುವುದಕ್ಕೆ ಒದಗಿದ ಪದವಿಯೇ ಹೊರತು ಚಿತ್ರಗಳನ್ನು ತೂಗಿ ನೋಡುವುದಕ್ಕೆ ಕೊಟ್ಟ ಸನ್ನದಲ್ಲ. ಆದ್ದರಿಂದ ವಾಚಕರು ಇದನ್ನು ವಿಮರ್ಶೆಯೆಂದು ಭಾವಿಸಬಾರದು. ಡೊಂಬಿವಲಿಯ ಬೆಳಗಿನ ಲೋಕಲಿನಲ್ಲಿ, ಮೂವರ ಬೆಂಚಿನ ತುದಿಗೆ ನಾಲ್ಕನೆಯವರಾಗಿ ಅರ್ಧ ಕುಳಿತು ಆಡುವ ಮಾತುಗಳನ್ನೇ ಇಲ್ಲಿ ತುಸು ಸಾವಕಾಶವಾಗಿ ಆಡಿದ್ದೇವೆ, ಅಷ್ಟೆ.

ಒಂದು ಸಂಗತಿಯನ್ನು ಮಾತ್ರ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಯಾರಾದರೂ ಒಂದು ಹೊಸ ಕನ್ನಡ ಚಿತ್ರ ನೋಡಿದೆವೆಂದರೆ ನಾವು ಎರಡು ಪ್ರಶ್ನೆ ಕೇಳುತ್ತೇವೆ. ಹೇಗಿತ್ತು ಎಂಬುದು ಒಂದು. ಯಾವ ಭಾಷೆಯಲ್ಲಿ ನೋಡಿದಿರಿ ಎಂಬುದು ಇನ್ನೊಂದು. ಬೆಂಗಳೂರಿನವರಿಗೆ ಈ ಎರಡನೆಯ ಪ್ರಶ್ನೆ ವಿಚಿತ್ರವಾಗಿ ತೋರಬಹುದು. ಕನ್ನಡ ಚಿತ್ರವನ್ನು ಕನ್ನಡದಲ್ಲಲ್ಲದೆ ಮತ್ತೆ ಯಾವುದರಲ್ಲಿ ನೋಡುತ್ತಾರೆ? ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಮನೆ ಮಾಡಿಕೊಂಡಿರುವ ನಮಗೆ ಮೊದಲನೆಯದಕ್ಕಿಂತ ಎರಡನೆಯ ಪ್ರಶ್ನೆಯೇ ದೊಡ್ಡದು. ಏಕೆಂಬುದು ಮುಂದೆ ತಾನಾಗಿಯೇ ತಿಳಿದೀತು.

ಯಾವ ಆಟ, ಯಾವ ಭಾಷೆ?

ನಮ್ಮ ಹಿರಿಯರ ಕಾಲದಲ್ಲಿ ಮುಂಬಯಿಯಲ್ಲಿ ದಕ್ಷಿಣದ ಭಾಷೆಗಳ ಚಿತ್ರ ನೋಡಬೇಕೆಂದವರಿಗೆ ಮಾತುಂಗಾದ ಅರೋರಾ ಚಿತ್ರಮಂದಿರವೇ ಕಾಶಿ. ಕಲ್ಯಾಣದಿಂದ ಗಾಡಿ ಹತ್ತಿ, ಮಾತುಂಗಾದಲ್ಲಿ ಇಳಿದು, ಚಿತ್ರ ಮುಗಿದ ಮೇಲೆ ಅಲ್ಲಿಯೇ ಇಡ್ಲಿ ಕಾಪಿ ತೀರಿಸಿಕೊಂಡು ಮರಳುವುದೆಂದರೆ ಅದೊಂದು ಭಾನುವಾರದ ಯಾತ್ರೆ. ಈಗ ಯಾತ್ರೆ ಬೇಕಿಲ್ಲ. ನಮ್ಮ ನಮ್ಮ ಊರಿನಲ್ಲಿಯೇ ಮಾಲುಗಳೆದ್ದಿವೆ; ಒಂದೊಂದು ಮಾಲಿನಲ್ಲಿಯೂ ನಾಲ್ಕೈದು ಪರದೆಗಳಿವೆ. 2018ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್.’ ಬಂತು. 2022ರ ಏಪ್ರಿಲ್ 14ರಂದು ಅದರ ಎರಡನೆಯ ಭಾಗ ಬಂದಾಗಲಂತೂ ಕನ್ನಡ ಚಿತ್ರದ ಭಿತ್ತಿಪತ್ರ ಹಿಂದಿ ಚಿತ್ರಗಳ ಸಾಲಿನಲ್ಲಿ ತಲೆಯೆತ್ತಿ ನಿಂತಿತು. ಕಚೇರಿಯ ಮರಾಠಿ ಸಹೋದ್ಯೋಗಿಗಳು, “ನಿಮ್ಮವರ ಚಿತ್ರ ಬಂದಿದೆಯಲ್ಲ!” ಎಂದು ಕೇಳಿದಾಗ ನಮಗೆ ನಾವೇ ಅದನ್ನು ತೆಗೆದಷ್ಟು ಹಿಗ್ಗಾಯಿತು.

ಆದರೆ ಟಿಕೇಟು ತೆಗೆಯುವ ಹೊತ್ತಿಗೆ ಹಿಗ್ಗು ತುಸು ಇಳಿಯುತ್ತದೆ. ಹಿಂದಿಯ ಮಾತು ಹಚ್ಚಿದ ಪ್ರತಿಗೆ ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಆಟಗಳ ಮೇಲೆ ಆಟಗಳು. ಕನ್ನಡದ ಪ್ರತಿಗೆ ಬೆಳಗಿನ ಒಂಬತ್ತಕ್ಕೋ ರಾತ್ರಿ ಹತ್ತೂವರೆಗೋ ಒಂದೇ ಆಟ. ಬೆಳಗಿನ ಒಂಬತ್ತಕ್ಕೆ ನಮ್ಮಂಥವರು ಗಾಡಿಯ ಬಾಗಿಲಿಗೆ ಜೋತು ಬಿದ್ದಿರುತ್ತೇವೆ. ರಾತ್ರಿ ಹತ್ತೂವರೆಗೆ ಮಕ್ಕಳು ನಿದ್ರೆಯಲ್ಲಿರುತ್ತಾರೆ. ಹೀಗಾಗಿ, “ಹೇಗಿದ್ದರೂ ಚಿತ್ರ ಅದೇ ತಾನೆ?” ಎಂದು ಏಳು ಗಂಟೆಯ ಹಿಂದಿ ಆಟಕ್ಕೆ ಸಂಸಾರಸಮೇತ ಹೋಗುವವರೇ ಹೆಚ್ಚು. ಚಿತ್ರಮಂದಿರದವರು ನಮ್ಮ ಎದೆಯೊಳಗಿನ ಅಭಿಮಾನವನ್ನು ನೋಡಬಲ್ಲರೆ? ಅವರು ನೋಡುವುದು ತುಂಬಿದ ಕುರ್ಚಿಗಳನ್ನು. ಕನ್ನಡದ ಆಟದಲ್ಲಿ ಕುರ್ಚಿ ಖಾಲಿ ಉಳಿದರೆ ಮುಂದಿನ ಶುಕ್ರವಾರ ಅದು ಮಾಯವಾಗುತ್ತದೆ. ಆಮೇಲೆ ನಾವೇ, “ನೋಡಿ, ಇಲ್ಲಿ ಕನ್ನಡಕ್ಕೆ ಬೆಲೆಯೇ ಇಲ್ಲ” ಎಂದು ನಿಟ್ಟುಸಿರು ಬಿಡುತ್ತೇವೆ.

ಇದು ನಮ್ಮದೊಂದೇ ಪಾಡಲ್ಲ. ಮರಾಠಿಗರಿಗೆ ತಮ್ಮ ನೆಲದಲ್ಲಿಯೇ ಈ ತೊಂದರೆ ತಟ್ಟಿತು. ಮಧ್ಯಾಹ್ನ 12ರಿಂದ ರಾತ್ರಿ 9ರೊಳಗಿನ ಹೊತ್ತಿನಲ್ಲಿ ಬಹುಪರದೆಯ ಚಿತ್ರಮಂದಿರಗಳು ಮರಾಠಿ ಚಿತ್ರಕ್ಕೆ ಎಡೆ ಕೊಡಬೇಕೆಂದು ಮಹಾರಾಷ್ಟ್ರ ಸರಕಾರ 2015ರಲ್ಲಿ ವಿಧಿಸಬೇಕಾಯಿತು. ಮನೆಯೊಡತಿಗೇ ಜಾಗಕ್ಕಾಗಿ ಕಾಯಿದೆ ಬೇಕಾದರೆ, ಬಿಡಾರಕ್ಕೆ ಬಂದ ನೆಂಟರ ಪಾಡೇನು?

ಇನ್ನೊಂದು ವಿನೋದವನ್ನೂ ಹೇಳಬೇಕು. ಅ.ನ. ಕೃಷ್ಣರಾಯರು ಮೊದಲಾದವರು 1960ರ ದಶಕದಲ್ಲಿ ನಡೆಸಿದ ಚಳವಳಿಯ ಫಲವಾಗಿ, ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಹಚ್ಚುವುದು ಕರ್ನಾಟಕದಲ್ಲಿ ದಶಕಗಳ ಕಾಲ ನಿಂತುಹೋಗಿತ್ತು. ಹಾಗೆ ತಡೆಯುವುದು ಸಲ್ಲದೆಂದು ಭಾರತದ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು. ಅದಾಗಿ ಏಳು ವರುಷ ಕಳೆಯುವಷ್ಟರಲ್ಲಿ ಕನ್ನಡದ ಚಿತ್ರಗಳೇ ಹಿಂದಿ ತೆಲುಗುಗಳ ಮಾತು ಹಚ್ಚಿಕೊಂಡು ದೇಶ ಸುತ್ತತೊಡಗಿದವು. ಪರರ ಚಿತ್ರ ನಮ್ಮ ಮಾತಿನಲ್ಲಿ ಬರಬಾರದೆಂದು ಹೋರಾಡಿದವರ ಮೊಮ್ಮಕ್ಕಳು ನಮ್ಮ ಚಿತ್ರವನ್ನೇ ಪರರ ಮಾತಿನಲ್ಲಿ ನೋಡುತ್ತಿದ್ದಾರೆ. ಕಾಲದ ಮಹಿಮೆ ಎನ್ನದೆ ಮತ್ತೇನೆನ್ನೋಣ?

‘ಕಾಂತಾರ’ ಮತ್ತು ಅದರ ಅಧ್ಯಾಯ

ರಿಷಬ್ ಶೆಟ್ಟಿಯವರ ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಷ್ಟೇ ತೆರೆ ಕಂಡಿತು. ಹಿಂದಿಯ ಪ್ರತಿ ಬಂದದ್ದು ಎರಡು ವಾರದ ಮೇಲೆ, ಅಕ್ಟೋಬರ್ 14ರಂದು. ಆ ಎರಡು ವಾರ ನಮ್ಮ ಕಡೆಯ ಕನ್ನಡಿಗರಿಗೆ ಸುಗ್ಗಿಯೆನ್ನಬೇಕು. ಬೇರೆ ದಾರಿ ಇಲ್ಲದ್ದರಿಂದ ಎಲ್ಲರೂ ಕನ್ನಡದಲ್ಲೇ ನೋಡಿದರು. ನಾವೂ ನೋಡಿದೆವು. ನಾವು ಧಾರವಾಡ ಸೀಮೆಯವರು, ಭೂತಕೋಲವನ್ನು ಕಂಡವರಲ್ಲ. ಆದರೂ ಕೊನೆಯ ಇಪ್ಪತ್ತು ನಿಮಿಷ ಚಿತ್ರಮಂದಿರದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪಂಜುರ್ಲಿ, ಗುಳಿಗ ಎಂಬ ದೈವಗಳ ಹೆಸರನ್ನು ಅದುವರೆಗೆ ಕೇಳದವರ ಮೈಯೂ ಜುಮ್ಮೆಂದಿತು. ರಿಷಬ್ ಅವರಿಗೆ ಆ ವರ್ಷದ ಶ್ರೇಷ್ಠ ನಟನೆಂದು ರಾಷ್ಟ್ರಪ್ರಶಸ್ತಿ ಬಂದದ್ದು ಯೋಗ್ಯವೇ ಆಯಿತು.

ಮೆಚ್ಚಿದ್ದನ್ನು ಹೇಳಿದ ಮೇಲೆ ಮೆಚ್ಚದ್ದನ್ನೂ ಹೇಳಬೇಡವೆ? ನಾಯಕನು ನಾಯಿಕೆಯೊಡನೆ ಮೊದಮೊದಲು ನಡೆದುಕೊಳ್ಳುವ ರೀತಿ ನಮ್ಮ ಶ್ರೀಮತಿಗೆ ಸ್ವಲ್ಪವೂ ಹಿಡಿಸಲಿಲ್ಲ. “ಹಾಡಿನಲ್ಲಿ ಮೈ ಚಿವುಟಿದರೆ ಪ್ರೀತಿ, ರೈಲಿನಲ್ಲಿ ಚಿವುಟಿದರೆ ಪೋಲೀಸು. ಇದು ಯಾವ ನ್ಯಾಯ?” ಎಂದು ಕೇಳಿದಳು. ದಿನವೂ ಮಹಿಳೆಯರ ಡಬ್ಬಿಯಲ್ಲಿ ಹೋಗಿಬರುವವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅರಣ್ಯಾಧಿಕಾರಿಯ ಪಾತ್ರವನ್ನು ಕಿಶೋರ್ ಸೊಗಸಾಗಿ ನಿರ್ವಹಿಸಿದ್ದಾರೆ. ಕಾಯಿದೆಯ ಪುಸ್ತಕ ಹಿಡಿದು ಬಂದವನು ಜನರ ಮಾತು ಕೇಳುವಷ್ಟು ಬದಲಾಗುವುದು ನಮ್ಮಂಥ ಸರಕಾರಿ ನೌಕರರಿಗೆ ಒಂದು ಪಾಠವೇ ಸರಿ.

ಇದೇ ಚಿತ್ರ 2022ರ ನವೆಂಬರಿನಲ್ಲಿ ಮನೆಯ ಪರದೆಗೆ ಬಂದಾಗ ಒಂದು ಸೋಜಿಗ ನಡೆಯಿತು. ‘ವರಾಹ ರೂಪಂ’ ಹಾಡಿನ ರಾಗದ ಹಕ್ಕಿನ ಬಗ್ಗೆ ಕೇರಳದ ಒಂದು ಸಂಗೀತ ತಂಡ ನ್ಯಾಯಾಲಯಕ್ಕೆ ಹೋಗಿದ್ದುದರಿಂದ ಮನೆಯ ಪ್ರತಿಯಲ್ಲಿ ಬೇರೆ ಸ್ವರ ಹಾಕಿದ್ದರು. ಆಮೇಲೆ ಮೊದಲಿನದು ಮರಳಿತು. ಆ ಕೆಲವು ದಿನ ನೋಡಿದವರು, “ಚಿತ್ರಮಂದಿರದಲ್ಲಿ ಕಂಡ ಶಕ್ತಿ ಇಲ್ಲಿಲ್ಲವಲ್ಲ!” ಎಂದು ಬೇಸರಪಟ್ಟರು. ಒಂದು ಹಾಡಿನ ಸ್ವರ ಬದಲಾದರೇ ಚಿತ್ರ ಇಷ್ಟು ಸೊರಗುವುದಾದರೆ, ಇಡೀ ಚಿತ್ರದ ಮಾತು ಬದಲಾದರೆ ಎಷ್ಟು ಸೊರಗಬೇಡ?

ಇದು ಬರಿಯ ತರ್ಕವಲ್ಲ. ನಮ್ಮ ಮೇಲಿನ ಮಹಡಿಯಲ್ಲಿ ಕುಂದಾಪುರದ ಕಡೆಯ ಅಜ್ಜಿಯೊಬ್ಬರಿದ್ದಾರೆ. ಅವರನ್ನು ಕೂಡಿಸಿಕೊಂಡು ಮನೆಯಲ್ಲಿ ಎರಡನೆಯ ಸಲ ನೋಡಿದಾಗ ನಾವೆಲ್ಲ ನಗುವುದಕ್ಕಿಂತ ಒಂದು ಗಳಿಗೆ ಮೊದಲೇ ಅವರು ನಗುತ್ತಿದ್ದರು. “ಇದ್ ನಮ್ ಊರ್ ಮಾತ್ ಅಲ್ದಾ!” ಎಂದು ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ‘ಹೋಪ’ ಎಂದರೆ ಹೋಗೋಣವೆಂದು ನಮ್ಮ ಒಂಬತ್ತು ವರುಷದ ಮಗಳು ಅಂದು ಕಲಿತಳು. ಈಗ ಶಾಲೆಗೆ ಹೊರಡುವಾಗ ಅದನ್ನೇ ಅನ್ನುತ್ತಾಳೆ. ಹಿಂದಿಯ ಪ್ರತಿಯಲ್ಲಿ ಜಮೀನುದಾರನೂ ಬೇಟೆಗಾರನೂ ಅಧಿಕಾರಿಯೂ ಬಹುಮಟ್ಟಿಗೆ ಒಂದೇ ಹಿಂದಿಯಾಡುತ್ತಾರೆ. ಅದರಲ್ಲಿ ಅಜ್ಜಿಯ ಊರು ಎಲ್ಲಿ ಬಂತು?

2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ ಕದಂಬರ ಕಾಲಕ್ಕೆ ಹಿಂದೆ ಹೋಗುತ್ತದೆ. ವೈಭವಕ್ಕೆ ಕೊರತೆಯಿಲ್ಲ, ಕಾಡು, ಅರಮನೆ, ಯುದ್ಧ ಎಲ್ಲವೂ ಕಣ್ಣು ತುಂಬುತ್ತವೆ. ರುಕ್ಮಿಣಿ ವಸಂತ್ ಅವರಿಗೆ ಈ ಸಲ ಮಾಡುವುದಕ್ಕೆ ಕೆಲಸವಿದೆ. ಆದರೆ ಮೊದಲಿನ ಚಿತ್ರದ ಆ ಪುಟ್ಟ ಊರು, ಕಟ್ಟೆಯ ಮೇಲಿನ ಹರಟೆ ಇಲ್ಲಿ ವೈಭವದ ಅಡಿಯಲ್ಲಿ ಅವಿತುಕೊಂಡಿವೆ. ದೊಡ್ಡ ಪರದೆಯಲ್ಲಿ ಒಮ್ಮೆ ನೋಡತಕ್ಕ ಚಿತ್ರ ಇದು. ಮನೆಯಲ್ಲಿ ಮತ್ತೆ ಮತ್ತೆ ನೋಡುವುದು ಮಾತ್ರ ಮೊದಲಿನದನ್ನೇ.

ಇದಕ್ಕೆ ಮೂರು ವಾರ ಮೊದಲು, ಸೆಪ್ಟೆಂಬರ್ 12ರಂದು ಮರಾಠಿಯ ‘ದಶಾವತಾರ’ ತೆರೆಗೆ ಬಂದಿತ್ತು. ಕೊಂಕಣದ ದಶಾವತಾರ ಆಟದ ಮುದಿ ಕಲಾವಿದನಾಗಿ ದಿಲೀಪ್ ಪ್ರಭಾವಳಕರ್ ಅವರನ್ನು ನೋಡುವುದೇ ಒಂದು ಸುಖ. ನಮ್ಮ ಪಕ್ಕದ ಮನೆಯ ಮರಾಠಿ ದಂಪತಿಗಳು ನಮ್ಮನ್ನು ಒತ್ತಾಯದಿಂದ ಅದಕ್ಕೆ ಕರೆದೊಯ್ದರು; ನಾವು ಅವರನ್ನು ‘ಕಾಂತಾರ’ಕ್ಕೆ ಕರೆದೊಯ್ದೆವು, ಕನ್ನಡದ ಆಟಕ್ಕೇ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಅವರು ಕಥೆಯನ್ನು ಚೆನ್ನಾಗಿಯೇ ಹಿಡಿದರು. ಸಹ್ಯಾದ್ರಿಯ ಈಚೆಗೆ ದಶಾವತಾರ, ಇನ್ನೂ ದಕ್ಷಿಣಕ್ಕೆ ಯಕ್ಷಗಾನ, ಕೋಲ. ಒಂದೇ ಕಡಲಿನ ಗಾಳಿ ತಿಂದ ಕಲೆಗಳು ಎಂದು ಅವರೇ ಅಂದರು. ಮರಾಠಿಯವರು ಕನ್ನಡದಲ್ಲಿ ನೋಡಬಹುದಾದರೆ ಕನ್ನಡದವರಿಗೇನು ಕಷ್ಟ?

ಒಬ್ಬ ಸುಲೋಚನೆಯಿಂದ ಇನ್ನೊಬ್ಬ ಸುಲೋಚನೆಗೆ

ಈಚಿನ ವರುಷಗಳಲ್ಲಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ‘ಸು ಫ್ರಮ್ ಸೋ’ ನೋಡಿ. 2025ರ ಜುಲೈ 25ರಂದು ಬಿಡುಗಡೆಯಾದ ಈ ಚಿತ್ರವನ್ನು ನಿರ್ದೇಶಿಸಿ ಮುಖ್ಯ ಪಾತ್ರವನ್ನೂ ವಹಿಸಿದವರು ಜೆ.ಪಿ. ತುಮಿನಾಡು, ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿಯವರೂ ಒಬ್ಬರು. ಹೆಸರಿನ ಅರ್ಥ ಸೋಮೇಶ್ವರದ ಸುಲೋಚನೆ. ಕರಾವಳಿಯ ಒಂದು ಹಳ್ಳಿಯ ಹುಡುಗನು ಪೇಚಿಗೆ ಸಿಕ್ಕಿಕೊಂಡು, ತನ್ನ ಮೈಮೇಲೆ ಸುಲೋಚನೆಯೆಂಬವಳ ದೆವ್ವ ಬಂದಿದೆಯೆಂದು ನಟಿಸುತ್ತಾನೆ. ಊರಿಗೆ ಊರೇ ನಂಬುತ್ತದೆ. ಅಲ್ಲಿಂದ ಮುಂದೆ ನಗುವೋ ನಗು. ಆದರೆ ಕಡೆಗೆ, ಹೆಣ್ಣಿಗೆ ಕಾಟ ಕೊಡುವುದು ದೆವ್ವವಲ್ಲ, ಮನುಷ್ಯರೇ ಎಂಬ ಮಾತನ್ನು ಎಲ್ಲಿಯೂ ಉಪದೇಶ ಮಾಡದೆ ಮನಸ್ಸಿಗೆ ತಟ್ಟಿಸುತ್ತದೆ. ದೊಡ್ಡ ನಟರಿಲ್ಲ, ಹೊಡೆದಾಟವಿಲ್ಲ. ಮೊದಲ ವಾರ ನಮ್ಮ ಕಡೆ ಇದರ ಸುಳಿವೇ ಇರಲಿಲ್ಲ. ನೋಡಿದವರು ಹೇಳಿ, ಕೇಳಿದವರು ಹೋಗಿ, ಬಾಯಿಂದ ಬಾಯಿಗೆ ಹಬ್ಬಿಯೇ ಈ ಚಿತ್ರ ಗೆದ್ದಿತು. ಲೋಕಲಿನ ಹರಟೆಗೂ ಒಂದು ಬೆಲೆಯಿದೆಯೆಂದು ಅಂದು ನಮಗೆ ಧೈರ್ಯ ಬಂತು.

ಸುಲೋಚನೆಯೆಂದಾಗ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರದ ನಾಯಿಕೆಯೂ ಸುಲೋಚನೆಯೇ. ವೈ.ವಿ. ರಾವ್ ನಿರ್ದೇಶಿಸಿದ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಚಿತ್ರೀಕರಣ ನಡೆದದ್ದು ಮಾತ್ರ ಇದೇ ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ. ಕನ್ನಡ ಬೆಳ್ಳಿತೆರೆಯ ಮೇಲೆ ಬಾಯಿ ಬಿಟ್ಟು ಆಡಿದ ಮೊದಲ ಮಾತು ಮರಾಠಿ ನೆಲದಲ್ಲಿ ಹುಟ್ಟಿತೆಂಬುದು ಇಲ್ಲಿ ನೆಲಸಿರುವ ನಮಗೆ ಅಭಿಮಾನದ ವಿಷಯ. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ರಾವಣನ ಪಾತ್ರದಲ್ಲಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಸುಬ್ಬಯ್ಯನಾಯಿಡುಗಳು ಹೇಗೆ ಮಾತಾಡಿದರೋ, ಆ ಕನ್ನಡದ ಏರಿಳಿತ ಹೇಗಿತ್ತೋ ಕೇಳುವ ಭಾಗ್ಯ ನಮಗಿಲ್ಲ. ಪ್ರತಿ ಕಳೆದರೆ ಮಾತು ಕಳೆಯಿತು. ಇಂದಿನ ಚಿತ್ರಗಳ ಪ್ರತಿಗಳೇನೋ ಇರುತ್ತವೆ. ಕೇಳುವ ಕಿವಿಗಳೇ ಇಲ್ಲವಾದರೆ ಆಗಲೂ ಕಳೆದಂತೆಯೇ ಅಲ್ಲವೆ?

ಮನೆಯಲ್ಲಿ ಕುಳಿತು ಕಂಡವು

ಮನೆಯ ಪರದೆಗೆ ಹೊತ್ತುಗೊತ್ತಿನ ಕಟ್ಟಿಲ್ಲ. ಭಾಷೆಯ ಗುಂಡಿಯೂ ನಮ್ಮ ಕೈಯಲ್ಲೇ ಇರುತ್ತದೆ. ಅಲ್ಲಿಯೇ ಇರುವುದು ನಿಜವಾದ ಪರೀಕ್ಷೆ. ನಮ್ಮ ಮಗಳು ಇಂಗ್ಲಿಷಿನಲ್ಲಿ ಓದುತ್ತಾಳೆ, ಮರಾಠಿಯಲ್ಲಿ ಆಡುತ್ತಾಳೆ, ಹಿಂದಿಯಲ್ಲಿ ಜಗಳವಾಡುತ್ತಾಳೆ, ಕನ್ನಡದಲ್ಲಿ ಊಟ ಕೇಳುತ್ತಾಳೆ. ಗುಂಡಿ ಅವಳ ಕೈಗೆ ಸಿಕ್ಕರೆ ಒತ್ತುವುದು ಹಿಂದಿಯನ್ನೇ. ಅದಕ್ಕೆ ನಾವು ಗದರುವುದಿಲ್ಲ. ಕನ್ನಡದಲ್ಲಿ ಹಾಕಿ, ತಿಳಿಯದ ಕಡೆ ನಿಲ್ಲಿಸಿ, ಅರ್ಥ ಹೇಳುತ್ತೇವೆ. ಎರಡೂವರೆ ಗಂಟೆಯ ಚಿತ್ರ ಮೂರೂವರೆ ಗಂಟೆಯಾಗುತ್ತದೆ. ಆದರೂ ಅದು ನಷ್ಟದ ಬಾಬತ್ತಲ್ಲ.

‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರವನ್ನು ಹೀಗೆಯೇ ನೋಡಿದೆವು. 2018ರಲ್ಲಿ ಬಂದ ಈ ಚಿತ್ರಕ್ಕೆ ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಂದಿದೆ. ರಾಜ್ಯಗಳ ಮರುವಿಂಗಡಣೆಯಲ್ಲಿ 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಒಂದು ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬರುತ್ತಾರೆ. ಮಕ್ಕಳಿಗೆ ಗಣಿತ ಕಬ್ಬಿಣದ ಕಡಲೆಯಾಗುತ್ತದೆ. ಶಾಲೆ ಮುಚ್ಚುವ ಹೊತ್ತು ಬರುತ್ತದೆ. ಮೊದಲರ್ಧ ಮಕ್ಕಳ ಚೇಷ್ಟೆಗಳಿಂದ ಹಾರಿಹೋಗುತ್ತದೆ. ಅನಂತನಾಗ್ ಅವರು ನ್ಯಾಯಾಲಯದಲ್ಲಿ ನಿಂತ ಮೇಲೆ ಚಿತ್ರ ಕೊಂಚ ಭಾಷಣವಾಗುತ್ತದೆ. ಆದರೆ ಅನಂತನಾಗ್ ಅವರ ಭಾಷಣವನ್ನು ಬೇಡವೆನ್ನುವವರು ಯಾರು? ಹೋಟೆಲಿನ ಹುಡುಗರು ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಮುಂಬಯಿ ಇದು. ಆ ಕನ್ನಡ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಚಿತ್ರ ಮುಗಿದ ಮೇಲೆ ಮಗಳು, “ಅಪ್ಪಾ, ನನಗೇಕೆ ಅಂಥ ಶಾಲೆ ಇಲ್ಲ?” ಎಂದು ಕೇಳಿದಳು. ಸರಕಾರಿ ಕಡತಗಳಿಗೆ ಉತ್ತರ ಬರೆಯುವುದೇ ನಮ್ಮ ಕಸಬಾದರೂ ಈ ಪ್ರಶ್ನೆ ಇನ್ನೂ ನಮ್ಮ ಮೇಜಿನ ಮೇಲೆಯೇ ಇದೆ.

ರಾಮ್ ರೆಡ್ಡಿಯವರ ‘ತಿಥಿ’ಯದು ಬೇರೆಯೇ ರುಚಿ. ಮಂಡ್ಯ ಸೀಮೆಯ ನೊದೆಕೊಪ್ಪಲು ಎಂಬ ಹಳ್ಳಿಯಲ್ಲಿ ಹಳ್ಳಿಯವರನ್ನೇ ನಟರನ್ನಾಗಿ ಮಾಡಿ ತೆಗೆದ ಚಿತ್ರವಿದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಗಳಿಸಿ ಬಂದಿತು. ನೂರೊಂದು ವರುಷದ ಸೆಂಚುರಿಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯ ಊಟದೊಳಗೆ ಮಗ, ಮೊಮ್ಮಗ, ಮರಿಮಗ ಮೂವರ ಬಾಳೂ ಬಯಲಿಗೆ ಬರುತ್ತದೆ. ಆಸ್ತಿಯ ಗೊಡವೆಯೇ ಬೇಡವೆಂದು ಗಡ್ಡ ನೀವಿಕೊಂಡು ನಡೆಯುವ ಗಡ್ಡಪ್ಪನನ್ನು ಕಂಡು, ಮನೆಯ ಸಾಲದ ಕಂತು ಕಟ್ಟುವ ನಮಗೆ ಹೊಟ್ಟೆಕಿಚ್ಚಾಯಿತು. ಅಲ್ಲಿನ ‘ಏನ್ಲಾ’, ‘ಬಾರ್ಲಾ’ಗಳನ್ನು ಕೇಳಿ ನಮ್ಮ ಮನೆಯವರಿಗೆ ಮೊದಲು ಗಾಬರಿಯಾದರೂ ಆಮೇಲೆ ಹಿತವಾಯಿತು. ಬೈಗುಳ ಧಾರಾಳವಾಗಿರುವುದರಿಂದ ಚಿಕ್ಕ ಮಕ್ಕಳನ್ನು ಮಲಗಿಸಿ ನೋಡುವುದು ಲೇಸು. ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ವನ್ನು ಮಾತ್ರ ಎಲ್ಲರೂ ಕೂಡಿ ನೋಡಬಹುದು. ಪೂರ್ಣಚಂದ್ರ ತೇಜಸ್ವಿಯವರ ಕಥೆ ಇದು. ತೇಜಸ್ವಿಯವರ ಓದುಗರೇ ಹಣ ಕೂಡಿಸಿ ಚಿತ್ರ ಮಾಡಿದರೆಂಬುದು ಅದರ ಹೆಚ್ಚುಗಾರಿಕೆ. ಚಿತ್ರ ನೋಡಿದ ಮೇಲೆ ಮನೆಯಲ್ಲಿ ಕಥೆಯ ಪುಸ್ತಕವನ್ನು ಕಪಾಟಿನಿಂದ ಕೆಳಗಿಳಿಸಿದೆವು. ಪುಸ್ತಕದ ಧೂಳು ಕೊಡವಿಸುವ ಚಿತ್ರ ಒಳ್ಳೆಯ ಚಿತ್ರವೆಂದೇ ನಮ್ಮ ಮತ.

‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗಗಳಾಗಿ ಬಂತು. ಯಜಮಾನನ ಮಗನ ತಪ್ಪನ್ನು ಹಣಕ್ಕಾಗಿ ತನ್ನ ತಲೆಯ ಮೇಲೆ ಹೊತ್ತು ಸೆರೆಗೆ ಹೋಗುವ ಬಡ ಚಾಲಕನ ಕಥೆ. ಮೊದಲ ಭಾಗವನ್ನು ನೋಡಿ ಕಣ್ಣೊರೆಸಿಕೊಂಡೆವು. ಎರಡನೆಯದರಲ್ಲಿ ನಿಟ್ಟುಸಿರು ತುಸು ಉದ್ದವಾಯಿತು. ನಮ್ಮ ಮಾವನವರಿಗೆ ಇದಾವುದೂ ಬೇಡ. ಅವರಿಗೆ 1972ರ ‘ಬಂಗಾರದ ಮನುಷ್ಯ’ ಒಂದಿದ್ದರೆ ಸಾಕು. ಹಳ್ಳಿಗೆ ಮರಳಿ ಬಂಜರು ನೆಲವನ್ನು ಹಸಿರು ಮಾಡುವ ರಾಜೀವನನ್ನು, ಡೊಂಬಿವಲಿಯ ಮೂರನೆಯ ಮಹಡಿಯಲ್ಲಿ ಕುಳಿತು, ಊರ ಹೊಲವನ್ನು ಪಾಲಿಗೆ ಕೊಟ್ಟು ಬಂದ ಅವರು ಎಷ್ಟು ಸಲ ನೋಡಿದರೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಆಗ ನಾವು ಯಾರೂ ಮಾತಾಡುವುದಿಲ್ಲ.

ನಮ್ಮ ಮುಂಬಯಿ ಎಲ್ಲಿ?

ಒಂದು ಕೊರಗನ್ನು ಹೇಳಲೇಬೇಕು. ‘ಕೆ.ಜಿ.ಎಫ್.’ ನಾಯಕನು ಹುಡುಗನಾಗಿ ಮುಂಬಯಿಗೆ ಬಂದು ಭೂಗತ ಲೋಕದ ದೊರೆಯಾಗುತ್ತಾನೆ. ಸಂತೋಷ. ಆದರೆ ಕನ್ನಡನಾಡಿನಿಂದ ಬಂದ ಸಾವಿರಾರು ಹುಡುಗರು ಇಲ್ಲಿ ದೊರೆಗಳಾಗಲಿಲ್ಲ. ಲೋಟ ತೊಳೆದರು, ರಾತ್ರಿಶಾಲೆಗೆ ಹೋದರು, ಗುಮಾಸ್ತರಾದರು, ತಂಗಿಯರ ಮದುವೆ ಮಾಡಿದರು. ಅವರ ಮುಂಬಯಿಯನ್ನು ನಾವು ನೋಡಿದ ಕನ್ನಡ ಚಿತ್ರಗಳಲ್ಲಿ ಇನ್ನೂ ಕಂಡಿಲ್ಲ. ಪುಸ್ತಕಗಳಲ್ಲಿ ಕಂಡಿದ್ದೇವೆ. ಯಶವಂತ ಚಿತ್ತಾಲರ ‘ಶಿಕಾರಿ’ಯಿದೆ, ಇಪ್ಪತ್ತು ವರುಷಕ್ಕೂ ಮಿಕ್ಕಿ ಇಲ್ಲಿ ಬಾಳಿದ ಜಯಂತ ಕಾಯ್ಕಿಣಿಯವರ ಕಥೆಗಳಿವೆ, ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ದಕ್ಷಿಣ ಏಷ್ಯಾ ಸಾಹಿತ್ಯ ಬಹುಮಾನವೂ ಬಂದಿದೆ. 2006ರ ‘ಮುಂಗಾರು ಮಳೆ’ಗೆ ಕಾಯ್ಕಿಣಿಯವರಿಂದ ಹಾಡು ಬರೆಯಿಸಿಕೊಂಡ ಚಿತ್ರರಂಗ ಅವರ ಮುಂಬಯಿಯ ಮಳೆಯನ್ನೂ ಒಂದು ಸಲ ತೆರೆಯ ಮೇಲೆ ಸುರಿಸಬಾರದೆ? ಅಂಥ ಚಿತ್ರ ಬೇಕಾದರೆ, ಅದನ್ನು ಕನ್ನಡದಲ್ಲಿ ನೋಡುವವರು ಇಲ್ಲಿದ್ದಾರೆಂದು ಮೊದಲು ಗೊತ್ತಾಗಬೇಕು. ಅದನ್ನು ತಿಳಿಸುವ ದಾರಿ ಒಂದೇ, ಟಿಕೇಟು.

ಆದ್ದರಿಂದ ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಒಳ್ಳೆಯ ಕನ್ನಡ ಚಿತ್ರ ನಮ್ಮ ಕಡೆ ಬಂದರೆ ಮೊದಲ ಶನಿವಾರ ಭಾನುವಾರಗಳಲ್ಲಿಯೇ ಕನ್ನಡದ ಆಟಕ್ಕೆ ಹೋಗೋಣ. ನಾಲ್ಕು ಮನೆಯವರು ಕೂಡಿದರೆ ಹೊತ್ತಲ್ಲದ ಹೊತ್ತಿನ ಆಟವೂ ಹಬ್ಬವಾಗುತ್ತದೆ, ಮರಳುವ ರಿಕ್ಷಾದ ಖರ್ಚೂ ಹಂಚಿಹೋಗುತ್ತದೆ. ಮನೆಯಲ್ಲಿ ನೋಡುವಾಗ ಗುಂಡಿಯನ್ನು ಕನ್ನಡಕ್ಕೆ ತಿರುಗಿಸೋಣ. ಮಕ್ಕಳಿಗೆ ತಿ‌ಳಿಯದಿದ್ದರೆ ನಿಲ್ಲಿಸಿ ಹೇಳೋಣ. ಅದಕ್ಕೆ ಬೇಕಾದದ್ದು ವಿದ್ವತ್ತಲ್ಲ, ತಾಳ್ಮೆ. ವರುಷಕ್ಕೊಂದೆರಡು ಸಲ ನಿರ್ಮಾಪಕರ ಒಪ್ಪಿಗೆ ಪಡೆದು ಸಂಘದ ಸಭಾಗೃಹದಲ್ಲಿ ಒಂದು ಚಿತ್ರ ತೋರಿಸಿ, ಆಮೇಲೆ ಒಂದು ಕಪ್ಪು ಚಹಾದೊಡನೆ ಹರಟೆಗೆ ಕುಳಿತರೆ ಇನ್ನೂ ಚೆನ್ನ. ಧಾರವಾಡದವರು, ಕುಂದಾಪುರದವರು, ಮಂಡ್ಯದವರು, ಕಾಸರಗೋಡಿನವರು ಒಂದೇ ಚಾವಣಿಯ ಕೆಳಗೆ ಕುಳಿತು ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ನಗುವ ಅವಕಾಶ ಬೆಂಗಳೂರಿನಲ್ಲಿಯೂ ಸುಲಭವಾಗಿ ಸಿಕ್ಕುವುದಲ್ಲ.

ಮೇಲೆ ಹೇಳಿದ ಅಭಿಪ್ರಾಯಗಳು ನಮ್ಮವು. ಒಪ್ಪದವರು ಬೇಕಾದಷ್ಟು ಮಂದಿ ಇರಬಹುದು, ಇರಬೇಕು ಕೂಡ. ‘ಸಪ್ತ ಸಾಗರ’ದ ಎರಡನೆಯ ಭಾಗವೇ ಮಿಗಿಲೆನ್ನುವವರು ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ಕಳಿಸಲಿ. ಯಾವ ಊರಿನಲ್ಲಿ, ಯಾವ ಆಟಕ್ಕೆ ಹೋಗಿದ್ದಿರೆಂಬುದನ್ನೂ ತಿಳಿಸಿರಿ. ಯಾವ ಭಾಷೆಯಲ್ಲಿ ಎಂದು ಮಾತ್ರ ನಾವು ಇನ್ನು ಕೇಳುವಂತಾಗದಿರಲಿ.